ಕುಚ್ಚಲಕ್ಕಿಯ ಚರಿತ್ರೆ ಮತ್ತು ಉಪ್ಪನ ಪಥ್ಯ

ಸಿಂಗಾನಲ್ಲೂರು ಎಂದ ಕೂಡಲೇ ಕನ್ನಡದವರಿಗೆ ಡಾ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರು ನೆನಪಿಗೆ ಬರುತ್ತದೆ. ಆ ಊರು ಕೊಳ್ಳೇಗಾಲ ಸೀಮೆಯದು. ನಾನು ಹೇಳಲು ಹೊರಟಿರುವುದು ಇನ್ನೊಂದು ಸಿಂಗಾನಲ್ಲೂರು. ಕೊಯಮತ್ತೂರು ನಗರದ ಪೂರ್ವ ಭಾಗದಲ್ಲಿ, ನೊಯ್ಯಲ್ ನದಿಯ ಹತ್ತಿರ, ದೊಡ್ಡ ಕೆರೆ, ದೊಡ್ಡ ಬಸ್ ನಿಲ್ದಾಣ, ಹಳೆಯ ನೂಲಿನ ಗಿರಣಿಗಳು ಮತ್ತು ಇ.ಎಸ್.ಐ ಆಸ್ಪತ್ರೆ ಇರುವ ಊರು. ಆದರೆ ಎರಡು ಊರುಗಳೂ ಒಂದಕ್ಕೊಂದು ತೀರಾ ಅಪರಿಚಿತವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ನಮ್ಮ ದಕ್ಷಿಣ ಕನ್ನಡವೂ ಅಲ್ಲಿಯವರೆಗೆ ಮದ್ರಾಸಿಗೇ ಸೇರಿತ್ತು. ಅಂದರೆ ಮಂಗಳೂರು, ಕೊಯಮತ್ತೂರು ಮತ್ತು ಕೊಯಮತ್ತೂರಿನ ಮೇಲಿನ ನೀಲಗಿರಿಯ ಕೂನೂರು, ಮೂರೂ ಒಂದೇ ಪ್ರಾಂತ್ಯದ ಊರುಗಳು. ಈ ಮೂರು ಊರುಗಳ ತಟ್ಟೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಚರಿತ್ರೆ ಸಿಗುತ್ತದೆ. ಅದನ್ನು ಹುಡುಕಲು ನನಗೆ ಕಾರಣವಾದದ್ದು ನನ್ನ ಉಪ್ಪನ ಕಾಲಿನ ಎರಡು ಬೆರಳುಗಳು.

ಉಪ್ಪನದು ಬಂಟ್ವಾಳ ಕಡೆಯ ಒಂದು ಸಣ್ಣ ದಿನಸಿ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಸಿಂಗಾನಲ್ಲೂರಿನಲ್ಲಿ ಪಂಪಿನ ಬಿಡಿಭಾಗ ಮಾಡುವ ಒಂದು ಘಟಕದಲ್ಲಿ ಕೆಲಸಕ್ಕಿದ್ದೆ. ಉಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಗಿತ್ತು. ದಿನಾ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಪರಿಚಯದವರೊಬ್ಬರು ಮೊಬೈಲಿಗೆ ಒಂದು ಧ್ವನಿ ಸಂದೇಶ ಕಳುಹಿಸಿದರು. ಮಾತ್ರೆ ಎಲ್ಲ ಬಿಡಿ, ಮೂರು ಹೊತ್ತೂ ಕೆಂಪು ಕುಚ್ಚಲಕ್ಕಿ ಗಂಜಿ ಕುಡಿಯಿರಿ, ಬೆಳಿಗ್ಗೆ ಮೆಂತೆ ನೀರು ಕುಡಿಯಿರಿ, 90 ದಿನದಲ್ಲಿ ಸಕ್ಕರೆ ಬುಡಸಮೇತ ಹೋಗುತ್ತದೆ ಎಂದು ಅದರಲ್ಲಿತ್ತು. ಉಪ್ಪನಿಗೆ ಬಹಳ ಖುಷಿಯಾಯಿತು. ಜೀವಮಾನ ಇಡೀ ಕುಚ್ಚಲಕ್ಕಿ ಮಾರಿದವರು ಅವರು. ತಾನು ಮಾರಿದ್ದೇ ಮದ್ದು ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಮಾತ್ರೆ ಬಿಟ್ಟದ್ದನ್ನು ನಮಗೆ ಯಾರಿಗೂ ಹೇಳಲಿಲ್ಲ. ಎರಡು ತಿಂಗಳ ನಂತರ ಅಂಗಡಿಯ ಮೆಟ್ಟಿಲಲ್ಲಿ ಕಾಲಿಗಾದ ಸಣ್ಣ ಗಾಯ ಒಣಗಲೇ ಇಲ್ಲ. ಉಮ್ಮ ಫೋನ್ ಮಾಡಿ ಅತ್ತಾಗ ನಾನು ರಾತ್ರಿ ಬಸ್ಸು ಹಿಡಿದೆ. ಎರಡು ಬೆರಳು ತೆಗೆಯಬೇಕಾಯಿತು.

ಆಸ್ಪತ್ರೆಯ ಮಂಚದಲ್ಲಿ ಕುಳಿತು ಉಪ್ಪ ಕೇಳಿದ ಮಾತು ಒಂದೇ. "ಮೋನೇ, ಕುಚ್ಚಲಕ್ಕಿ ಒಳ್ಳೆಯದು ಅಂತ ಹಿರಿಯರು ಹೇಳಿದ್ದು ಹಾಗಾದರೆ ಸುಳ್ಳಾ?"

ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಯಾವುದಕ್ಕೆ ಒಳ್ಳೆಯದು, ಯಾವುದಕ್ಕೆ ಸಾಲದು ಎಂದು ಹೇಳಲು ಆಗ ನನಗೆ ತಿಳಿದಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ.

ಕೋಳಿಗಳು ಹೇಳಿಕೊಟ್ಟ ಪಾಠ

ಅಕ್ಕಿಯಿಂದಲೇ ಕಾಯಿಲೆ ಬರುತ್ತದೆ, ಅಕ್ಕಿಯನ್ನು ಬದಲಿಸಿದರೆ ವಾಸಿಯಾಗುತ್ತದೆ ಎಂದು ಜಗತ್ತಿಗೆ ಮೊದಲು ಗೊತ್ತಾದದ್ದು ಬೆರಿಬೆರಿ ಎಂಬ ಕಾಯಿಲೆಯಿಂದ. ಕಾಲಿನ ಬಲ ಹೋಗುವುದು, ಪಾದ ಊದುವುದು, ನಡೆಯಲಾಗದಿರುವುದು, ಕೊನೆಗೆ ಹೃದಯ ಸೋತು ಸಾವು. ನೂರು ವರ್ಷದ ಹಿಂದೆ ಏಷ್ಯಾದ ಅಕ್ಕಿ ತಿನ್ನುವ ನಾಡುಗಳಲ್ಲಿ ಇದು ದೊಡ್ಡ ಪಿಡುಗು. ಸೈನಿಕರು, ಕೈದಿಗಳು, ಗಣಿಯ ಕೂಲಿಗಳು, ಹಡಗಿನ ಖಲಾಸಿಗಳು ಸಾಲು ಸಾಲಾಗಿ ಸತ್ತರು.

ಡಚ್ಚರ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ 1886ರಲ್ಲಿ ಜಾವಾಕ್ಕೆ ಹೋದದ್ದು ಬೆರಿಬೆರಿಯ ಕ್ರಿಮಿಯನ್ನು ಹುಡುಕಲು. ಆಗ ಎಲ್ಲ ಕಾಯಿಲೆಗೂ ಒಂದು ಕ್ರಿಮಿ ಇರಬೇಕು ಎಂಬ ನಂಬಿಕೆಯ ಕಾಲ. ಅವರು ಪ್ರಯೋಗಕ್ಕೆ ಸಾಕಿದ ಕೋಳಿಗಳಿಗೆ ಬೆರಿಬೆರಿಯಂತೆಯೇ ಕಾಲು ಸೋತು ಹೋಯಿತು. ಸ್ವಲ್ಪ ದಿನದ ನಂತರ ತನ್ನಿಂದ ತಾನೇ ಗುಣವೂ ಆಯಿತು. ವಿಚಾರಿಸಿದಾಗ ವಿಷಯ ಹೊರಬಂತು. ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಿಂದ ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ ಬರುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿಯ ಅನ್ನವನ್ನು ಬೇರೆಯವರ ಕೋಳಿಗೆ ಕೊಡುವುದಿಲ್ಲ ಎಂದು ನಿಲ್ಲಿಸಿಬಿಟ್ಟ. ಕೋಳಿಗಳು ಮತ್ತೆ ತೌಡಿರುವ ಅಕ್ಕಿ ತಿಂದವು, ಎದ್ದು ನಿಂತವು. ಅಕ್ಕಿಯ ಪಿಷ್ಟದಲ್ಲಿ ಏನೋ ವಿಷವಿದೆ, ತೌಡು ಅದನ್ನು ಮುರಿಯುತ್ತದೆ ಎಂದು ಐಕ್ಮನ್ ಮೊದಲು ತಿಳಿದರು. ವಿಷ ಇರುವುದಲ್ಲ, ಬೇಕಾದದ್ದು ಇಲ್ಲದಿರುವುದೇ ಕಾರಣ ಎಂದು 1901ರಲ್ಲಿ ಹೇಳಿದವರು ಅವರ ನಂತರ ಬಂದ ಗೆರಿಟ್ ಗ್ರೈನ್ಸ್.

ನಮಗೆ ಸಂಬಂಧಪಟ್ಟ ಭಾಗ ಇದರ ನಂತರ ಬರುತ್ತದೆ. ಮಲಯದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ವೈದ್ಯ ಬ್ರ್ಯಾಡನ್ ಒಂದು ವಿಚಿತ್ರ ಗಮನಿಸಿದರು. ಗಣಿಯಲ್ಲಿ ದುಡಿಯುವ ಚೀನೀಯರಿಗೆ ಬೆರಿಬೆರಿ ಬರುತ್ತಿತ್ತು, ಅದೇ ನಾಡಿನಲ್ಲಿ ತೋಟಗಳಲ್ಲಿ ದುಡಿಯುವ ತಮಿಳು ಕೂಲಿಗಳಿಗೆ ಬರುತ್ತಿರಲಿಲ್ಲ. ಬಡತನ ಇಬ್ಬರದ್ದೂ ಒಂದೇ. ವ್ಯತ್ಯಾಸ ಇದ್ದದ್ದು ಅಕ್ಕಿಯಲ್ಲಿ. ಚೀನೀಯರು ತಿನ್ನುತ್ತಿದ್ದದ್ದು ಬಿಳಿ ಬೆಳ್ತಿಗೆ ಅಕ್ಕಿ. ತಮಿಳರು ಊರಿನ ಅಭ್ಯಾಸದಂತೆ ತಿನ್ನುತ್ತಿದ್ದದ್ದು ಬೇಯಿಸಿ ಒಣಗಿಸಿ ಕುಟ್ಟಿದ ಭತ್ತದ ಅಕ್ಕಿ, ಅಂದರೆ ನಮ್ಮ ಕುಚ್ಚಲಕ್ಕಿ. 1907ರಲ್ಲಿ ಬ್ರ್ಯಾಡನ್ ಇದನ್ನು ಪುಸ್ತಕವಾಗಿ ಬರೆದರು. ಅದೇ ವರ್ಷ ಫ್ರೇಸರ್ ಮತ್ತು ಸ್ಟಾಂಟನ್ ಎಂಬಿಬ್ಬರು ಇದನ್ನು ಪರೀಕ್ಷೆಗೇ ಇಟ್ಟರು. ಮಲಯದ ಕಾಡಿನಲ್ಲಿ ರಸ್ತೆ ಮಾಡಲು ಬಂದ 300 ಜಾವಾ ಕೂಲಿಗಳಲ್ಲಿ ಒಂದು ಗುಂಪಿಗೆ ಬಿಳಿ ಅಕ್ಕಿ, ಇನ್ನೊಂದು ಗುಂಪಿಗೆ ಕುಚ್ಚಲಕ್ಕಿ ಕೊಟ್ಟರು. ಬಿಳಿ ಅಕ್ಕಿಯ ಗುಂಪಿನಲ್ಲಿ ಬೆರಿಬೆರಿ ಬಂತು. ಅಕ್ಕಿ ಅದಲು ಬದಲು ಮಾಡಿದರು. ಕಾಯಿಲೆಯೂ ಅದಲು ಬದಲಾಯಿತು. ಕೂಲಿಗಳನ್ನು ಕೇಳದೆ ಹೀಗೆ ಮಾಡಿದ್ದನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಕುಚ್ಚಲಕ್ಕಿಯ ಗುಣಕ್ಕೆ ಸಾಕ್ಷಿ ಸಿಕ್ಕಿದ್ದು ಅಲ್ಲಿ.

1912ರಲ್ಲಿ ಕ್ಯಾಸಿಮಿರ್ ಫಂಕ್ ಇಂಥ ವಸ್ತುಗಳಿಗೆ ವಿಟಮಿನ್ ಎಂಬ ಹೆಸರಿಟ್ಟರು. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಂತು. ತೌಡಿನ ಆ ವಸ್ತು ಥಯಾಮಿನ್, ಅಂದರೆ ಬಿ1 ವಿಟಮಿನ್. ಅದನ್ನು 1936ರಲ್ಲಿ ಕೃತಕವಾಗಿ ತಯಾರಿಸಿ ತೋರಿಸಿದ ರಾಬರ್ಟ್ ವಿಲಿಯಮ್ಸ್ ಅಮೆರಿಕದವರು. ಅವರು ಹುಟ್ಟಿದ್ದು ಮಾತ್ರ ಇದೇ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ.

ಕೂನೂರಿನ ಒಂದು ಕೋಣೆ

ಸಿಂಗಾನಲ್ಲೂರಿನಿಂದ ರಜೆಯ ದಿನ ನಾವು ಗೆಳೆಯರು ಊಟಿಗೆ ಹೋಗುವಾಗ ಮೇಟುಪಾಳಯ ದಾಟಿ ಘಾಟಿ ಹತ್ತಿದರೆ ಮೊದಲು ಸಿಗುವ ದೊಡ್ಡ ಊರು ಕೂನೂರು. ಅಲ್ಲಿ 1907ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಡುವ ಪಾಶ್ಚರ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಅದರ ಒಂದೇ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಮಿಲಿಟರಿ ವೈದ್ಯ ಬೆರಿಬೆರಿಯ ತನಿಖೆ ಆರಂಭಿಸಿದರು. ನಡುವೆ ಸರ್ಕಾರ ಹಣವಿಲ್ಲ ಎಂದು ನಿಲ್ಲಿಸಿತು. 1925ರಲ್ಲಿ ಮತ್ತೆ ಶುರುವಾಯಿತು. ಮುಂದೆ ಅದು ಪೌಷ್ಟಿಕ ಸಂಶೋಧನಾಲಯವಾಗಿ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯೇ ಅದು.

ಮೆಕ್‌ಕ್ಯಾರಿಸನ್ ಮಾಡಿದ ಹೆಸರಾದ ಪ್ರಯೋಗವೆಂದರೆ ಇಲಿಗಳಿಗೆ ಹಿಂದುಸ್ತಾನದ ಬೇರೆ ಬೇರೆ ಜನರ ಊಟ ಹಾಕಿದ್ದು. ಸಿಖ್ಖರ ಊಟ, ಪಠಾಣರ ಊಟ, ಮರಾಠರ, ಗೂರ್ಖರ, ಕನ್ನಡಿಗರ, ಬಂಗಾಳಿಗಳ, ಮದ್ರಾಸಿಗಳ ಊಟ. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಯ ಸಿಖ್ಖರ ಊಟ ತಿಂದ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಬಿಳಿ ಅನ್ನವೇ ಹೆಚ್ಚಿದ್ದ ಮದ್ರಾಸಿ ಊಟದವು ಕೊನೆಯ ಸ್ಥಾನದಲ್ಲಿದ್ದವು. ಕನ್ನಡಿಗರ ಊಟ ಗೂರ್ಖರಿಗಿಂತ ಕೆಳಗೆ, ಬಂಗಾಳಿಗಳಿಗಿಂತ ಮೇಲೆ. ಇದನ್ನು ಓದಿದಾಗ ನನಗೆ ನಗು ಬಂತು, ಸ್ವಲ್ಪ ಬೇಸರವೂ ಆಯಿತು. ಆದರೆ ಅವರು ತೋರಿಸಿದ್ದು ಜಾತಿಯ ಗುಣವನ್ನಲ್ಲ, ತಟ್ಟೆಯ ಗುಣವನ್ನು. ಒಂದೇ ತಳಿಯ ಇಲಿ, ಊಟ ಮಾತ್ರ ಬೇರೆ.

ಮೆಕ್‌ಕ್ಯಾರಿಸನ್ ಎಲ್ಲದರಲ್ಲೂ ಸರಿಯಿದ್ದರು ಎಂದಲ್ಲ. ಕೂನೂರಿಗೆ ಬರುವ ಮೊದಲು ಗಿಲ್ಗಿಟ್‌ನ ಹಳ್ಳಿಗಳಲ್ಲಿ ಗಳಗಂಡ ರೋಗವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಅವರು. ಅದು ನೀರಿನ ಕೊಳೆಯಿಂದ ಹೊಟ್ಟೆಗೆ ಸೇರುವ ಕ್ರಿಮಿಯಿಂದ ಬರುತ್ತದೆ ಎಂದು ವಾದಿಸಿದರು. ಆದರೆ ಅದಕ್ಕೆ ಮುಖ್ಯ ಕಾರಣ ಅಯೋಡಿನ್ ಕೊರತೆ. 1956ರಲ್ಲಿ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಗಾರರು ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟು ಅದನ್ನು ತೋರಿಸಲು ಆರಂಭಿಸಿದರು. ಇಂದು ನಮ್ಮ ಅಂಗಡಿಯ ಪ್ರತಿ ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಆ ಕಣಿವೆ ಇದೆ. ದೊಡ್ಡ ವಿಜ್ಞಾನಿಯ ಮಾತನ್ನೂ ಪರೀಕ್ಷೆ ಮಾಡಿ ನೋಡಬೇಕು ಎಂಬುದಕ್ಕೆ ಇದೇ ಉದಾಹರಣೆ. ಹಾಗಿರುವಾಗ ಮೊಬೈಲಿಗೆ ಬಂದ ಧ್ವನಿಯನ್ನು ಪರೀಕ್ಷೆ ಇಲ್ಲದೆ ನಂಬುವುದು ಹೇಗೆ?

1935ರಲ್ಲಿ ಮೆಕ್‌ಕ್ಯಾರಿಸನ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದವರು ವಾಲೇಸ್ ಐಕ್ರಾಯ್ಡ್. ನಮ್ಮ ಆಹಾರ ಪದಾರ್ಥಗಳಲ್ಲಿ ಏನೇನು ಎಷ್ಟಿದೆ ಎಂಬ ಮೊದಲ ದೊಡ್ಡ ಪಟ್ಟಿಯನ್ನು 1937ರಲ್ಲಿ ಕೂನೂರಿನಿಂದ ಹೊರತಂದವರು ಅವರೇ. ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಎಲ್ಲಿದೆ ಎಂದು ನೋಡಿದರೆ ಅದು ಉತ್ತರದ ತೆಲುಗು ಜಿಲ್ಲೆಗಳಲ್ಲಿ, ಅಂದರೆ ಮಿಲ್ಲಿನಲ್ಲಿ ಪಾಲಿಶ್ ಆದ ಬೆಳ್ತಿಗೆ ಅಕ್ಕಿ ತಿನ್ನುವ ಕಡೆ ಇತ್ತು. ಕುಚ್ಚಲಕ್ಕಿ ತಿನ್ನುವ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಅದು ಪಿಡುಗಾಗಲಿಲ್ಲ. ಅಲ್ಲಿಯೂ ಇಲ್ಲಿಯೂ ಬಡವರು ಬಡವರೇ. ನಮ್ಮ ಅಜ್ಜಿಯಂದಿರಿಗೆ ಬಿ1 ಎಂದರೆ ಏನೆಂದು ಗೊತ್ತಿರಲಿಲ್ಲ. ಆದರೆ ಅವರು ಬೇಯಿಸಿದ ಭತ್ತ ಒಂದಿಡೀ ಕರಾವಳಿಯನ್ನು ಆ ಕಾಯಿಲೆಯಿಂದ ಕಾಪಾಡಿತು.

ಉಪ್ಪನ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಇಲ್ಲಿದೆ. ಹಿರಿಯರು ಹೇಳಿದ್ದು ಸುಳ್ಳಲ್ಲ.

ಹಂಡೆಯೊಳಗಿನ ಕೆಲಸ

ನಾನು ಯಂತ್ರ ಓದಿದವನು. ಆದ್ದರಿಂದ ಹಂಡೆಯೊಳಗೆ ಏನಾಗುತ್ತದೆ ಎಂದು ತಿಳಿಯುವವರೆಗೆ ಸಮಾಧಾನವಾಗಲಿಲ್ಲ. ನನ್ನ ಅಜ್ಜಿ ಭತ್ತ ಬೇಯಿಸುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಭತ್ತವನ್ನು ನೀರಿನಲ್ಲಿ ನೆನೆಹಾಕುವುದು, ದೊಡ್ಡ ಹಂಡೆಯಲ್ಲಿ ಹಾಕಿ ಅಡಿಯಲ್ಲಿ ತೆಂಗಿನ ಮಡಲು, ಗೆರಟೆ ಉರಿಸುವುದು, ಸಿಪ್ಪೆ ಬಾಯಿ ಬಿಟ್ಟ ಮೇಲೆ ಅಂಗಳದಲ್ಲಿ ಹರಡಿ ಒಣಗಿಸುವುದು. ಅಂಗಳದಲ್ಲಿ ಆ ಭತ್ತದ ವಾಸನೆ ದಿನವಿಡೀ ಇರುತ್ತಿತ್ತು. ಕಾಗೆ ಕೋಳಿ ಓಡಿಸುವುದು ನಮ್ಮ ಮಕ್ಕಳ ಕೆಲಸ.

ಬಿ1 ನೀರಿನಲ್ಲಿ ಕರಗುವ ವಸ್ತು. ಅದು ಹೆಚ್ಚಾಗಿ ಇರುವುದು ಕಾಳಿನ ಹೊರ ಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಸಿಪ್ಪೆ ಇರುವಾಗಲೇ ನೆನೆಸಿ ಬೇಯಿಸಿದರೆ ನೀರಿನ ಜೊತೆ ಅದು ಕಾಳಿನ ಒಳಗೆ ಇಳಿಯುತ್ತದೆ. ಬಿಸಿಗೆ ಒಳಗಿನ ಪಿಷ್ಟ ಅಂಟಾಗಿ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಒಳಗೆ ಇಳಿದ ಸತ್ವ ಅಲ್ಲೇ ಉಳಿಯುತ್ತದೆ. ನಂತರ ಮಿಲ್ಲಿಗೆ ಹಾಕಿ ಹೊರ ಪದರ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಕಾಳು ಗಟ್ಟಿಯಾಗುವುದರಿಂದ ನುಚ್ಚಾಗುವುದೂ ಕಡಿಮೆ. ಪೌಷ್ಟಿಕ ಸಂಸ್ಥೆಯ ಪಟ್ಟಿಯಲ್ಲಿ 100 ಗ್ರಾಂ ಅಕ್ಕಿಗೆ ಬಿ1 ಎಷ್ಟು ಎಂದು ನೋಡಿ. ಮಿಲ್ಲಿನ ಬೆಳ್ತಿಗೆ ಅಕ್ಕಿಯಲ್ಲಿ 0.06 ಮಿಲಿಗ್ರಾಂ. ಮಿಲ್ಲಿನ ಕುಚ್ಚಲಕ್ಕಿಯಲ್ಲಿ 0.21. ಅಂದರೆ ಮೂರು ಪಟ್ಟಿಗಿಂತ ಹೆಚ್ಚು. ಒನಕೆಯಲ್ಲಿ ಕುಟ್ಟಿದ ಕುಚ್ಚಲಕ್ಕಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ, 0.27.

ಹಾಗಾದರೆ ಮಿಲ್ಲು ಯಾಕೆ ಗೆದ್ದಿತು? ಒನಕೆ ಹಿಡಿದವರನ್ನು ಕೇಳಿ. ಭತ್ತ ಕುಟ್ಟುವುದು ಹೆಂಗಸರ ಬೆನ್ನು ಮುರಿಯುವ ಕೆಲಸ. 1932ರಲ್ಲಿ ನೀಲಗಿರಿಯ ಪೈಕಾರಾದಲ್ಲಿ ಜಲವಿದ್ಯುತ್ ಶುರುವಾಯಿತು. ಅದೇ ಕರೆಂಟಿನಿಂದ ಕೊಯಮತ್ತೂರಿನ ನೂಲಿನ ಗಿರಣಿಗಳು ಹೆಚ್ಚಿದವು, ಬಾವಿಗಳಿಗೆ ಮೋಟಾರು ಬಂತು, ಹಳ್ಳಿಗಳಿಗೆ ಸಣ್ಣ ಅಕ್ಕಿ ಮಿಲ್ಲುಗಳೂ ಬಂದವು. ಗಾಂಧೀಜಿ 1934ರಲ್ಲಿ ಗ್ರಾಮೋದ್ಯೋಗ ಸಂಘ ಕಟ್ಟಿ, ಪಾಲಿಶ್ ಅಕ್ಕಿ ಬಿಟ್ಟು ಕೈಯಲ್ಲಿ ಕುಟ್ಟಿದ ಅಕ್ಕಿ ತಿನ್ನಿ ಎಂದು ಪ್ರಚಾರ ಮಾಡಿದರು. ಅವರ ಮಾತು ಆರೋಗ್ಯಕ್ಕೆ ಸರಿ. ಆದರೆ ಕುಟ್ಟುವವರು ಯಾರು ಎಂಬ ಪ್ರಶ್ನೆಗೆ ಮನೆಯ ಗಂಡಸರ ಬಳಿ ಉತ್ತರ ಇರಲಿಲ್ಲ. ಮಿಲ್ಲು ಬಂದ ದಿನ ನನ್ನ ಅಜ್ಜಿಗೆ ಸಂತೋಷವಾಗಿತ್ತಂತೆ. ಅದನ್ನು ನಾನು ತಪ್ಪು ಎನ್ನಲಾರೆ.

ಅಕ್ಕಿಯ ವ್ಯಾಪಾರ ನಮಗೆ ಹೊಸತಲ್ಲ. ಬ್ಯಾರಿ ಎಂಬ ಹೆಸರೇ ತುಳುವಿನ ಬ್ಯಾರ, ಅಂದರೆ ವ್ಯಾಪಾರ ಎಂಬ ಮಾತಿನಿಂದ ಬಂತು ಎಂದು ಹೇಳುವವರಿದ್ದಾರೆ. ಮಂಗಳೂರು, ಬಸರೂರು ಬಂದರುಗಳಿಂದ ಶತಮಾನಗಳ ಹಿಂದೆಯೇ ಗೋವಾಕ್ಕೆ, ಮಲಬಾರಿಗೆ, ಮಸ್ಕತ್‌ಗೆ ಅಕ್ಕಿ ಹೋಗುತ್ತಿತ್ತು. ಇಂದು ಉಪ್ಪನ ಅಂಗಡಿಯಲ್ಲಿ ಎಂ.ಒ.4ರ ಕೆಂಪು ಕುಚ್ಚಲಕ್ಕಿಯೂ ಇದೆ, ಪಾಲಿಶ್ ಆದ ಬಿಳಿ ಕುಚ್ಚಲಕ್ಕಿಯೂ ಇದೆ, ಸೋನಾ ಮಸೂರಿ ಬೆಳ್ತಿಗೆಯೂ ಇದೆ. ರೇಷನ್‌ನಲ್ಲಿ ಕುಚ್ಚಲಕ್ಕಿ ಕೊಡಿ ಎಂಬ ಬೇಡಿಕೆ ನಮ್ಮ ಜಿಲ್ಲೆಯಲ್ಲಿ ಹಳೆಯದು. ಆ ಬೇಡಿಕೆಗೆ ನಾಲಗೆಯ ರುಚಿಯಷ್ಟೇ ಅಲ್ಲ, ಈ ಚರಿತ್ರೆಯ ಬೆಂಬಲವೂ ಇದೆ.

ಸಿಂಗಾನಲ್ಲೂರಿನ ಬುತ್ತಿ

ಸಿಂಗಾನಲ್ಲೂರಿನ ನಮ್ಮ ಘಟಕದಲ್ಲಿ ನನ್ನ ಪಕ್ಕದ ಲೇತ್ ಮೆಷಿನಿನಲ್ಲಿ ಒಬ್ಬ ಹಿರಿಯರಿದ್ದರು. ಮನೆಮಾತು ಕನ್ನಡ. ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ಕನ್ನಡ ಮಾತಾಡುವ ಒಕ್ಕಲಿಗ ಗೌಂಡರು, ನೇಯ್ಗೆಯ ದೇವಾಂಗರು ಬಹಳ ಮಂದಿ ಇದ್ದಾರೆ. ಅವರ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಮಂಗಳೂರು ಕನ್ನಡ ಕೇಳಿ ಅವರು ನಗುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ನನ್ನದು ಅನ್ನ, ಅವರದು ಹೆಚ್ಚಿನ ದಿನ ಸಜ್ಜೆಯ ಅಂಬಲಿ ಅಥವಾ ರಾಗಿ ಕಳಿ. ಮಳೆ ಕಡಿಮೆ ಇರುವ ಆ ನೆಲದ ಹಳೆಯ ಊಟ ಜೋಳ, ಸಜ್ಜೆ, ರಾಗಿ. ಅಕ್ಕಿ ಅನ್ನ ಹಬ್ಬಕ್ಕೆ ಮಾತ್ರ ಎಂಬ ಕಾಲ ಇತ್ತು ಎಂದು ಅವರು ಹೇಳುತ್ತಿದ್ದರು.

ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಇದು ನನಗೆ ಆಶ್ಚರ್ಯವಾಯಿತು. ರಾಗಿ ತಿಂದರೆ ಸಕ್ಕರೆ ಬರುವುದಿಲ್ಲ ಎಂದಲ್ಲವೇ ನಾವು ಕೇಳಿದ್ದು? ಅವರ ಉತ್ತರ ಸರಳವಾಗಿತ್ತು. ಅಪ್ಪ ಹೊಲದಲ್ಲಿ ದಿನವಿಡೀ ಏತ ಎಳೆದು ರಾಗಿ ತಿಂದರು, ನಾನು ಮೆಷಿನ್ ಮುಂದೆ ನಿಂತು ತಿನ್ನುತ್ತೇನೆ, ಜೊತೆಗೆ ನಾಲ್ಕು ಟೀ, ಬನ್ನು ಎಂದರು. ಅವರಿಗೆ ಇ.ಎಸ್.ಐ ಕಾರ್ಡ್ ಇತ್ತು. ಕಾರ್ಮಿಕರ ವಿಮಾ ಕಾಯ್ದೆ 1948ರದು. 1952ರ ಫೆಬ್ರವರಿ 24ರಂದು ಕಾನ್ಪುರ, ದೆಹಲಿಗಳಲ್ಲಿ ಜಾರಿಗೆ ಬಂದು, 1955ರಲ್ಲಿ ತಮಿಳು ನಾಡಿನಲ್ಲಿ ಕಾಲಿಟ್ಟದ್ದು ಕೊಯಮತ್ತೂರಿನ ಗಿರಣಿ ಕಾರ್ಮಿಕರ ನಡುವೆ. ಸಂಬಳದಿಂದ ಸ್ವಲ್ಪ ಹಿಡಿದು, ಮಾಲೀಕರೂ ಸೇರಿಸಿ, ಕಾಯಿಲೆಗೆ ಮದ್ದು ಕೊಡುವ ವ್ಯವಸ್ಥೆ. ಆ ಹಿರಿಯರು ತಿಂಗಳಿಗೊಮ್ಮೆ ಸಾಲಿನಲ್ಲಿ ನಿಂತು ಮಾತ್ರೆ ತರುತ್ತಿದ್ದರು, ಅಂಬಲಿಯನ್ನೂ ಬಿಡಲಿಲ್ಲ. ಅಂಬಲಿ ಮತ್ತು ಮಾತ್ರೆಯ ನಡುವೆ ಜಗಳ ಇದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಉಪ್ಪನಿಗೆ ಮಾತ್ರ ಹೇಳಿಕೊಟ್ಟರು.

ಊಟವನ್ನು ಶಾಸ್ತ್ರವಾಗಿ ಕಲಿಸುವ ಕೆಲಸವೂ ಕೊಯಮತ್ತೂರಿನಲ್ಲಿ ನಡೆದಿದೆ. ಟಿ.ಎಸ್. ಅವಿನಾಶಿಲಿಂಗಂ ಅವರು 1957ರಲ್ಲಿ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಗೃಹವಿಜ್ಞಾನ ಕಾಲೇಜನ್ನು ಬೆಳೆಸಿದವರು ರಾಜಮ್ಮಾಳ್ ದೇವದಾಸ್. ಅಮೆರಿಕದ ಒಹಾಯೊದಲ್ಲಿ ಪೌಷ್ಟಿಕ ಶಾಸ್ತ್ರ ಓದಿ ಬಂದು, ಶಾಲಾ ಮಕ್ಕಳ ಊಟದ ಬಗ್ಗೆ ಜೀವನವಿಡೀ ಕೆಲಸ ಮಾಡಿದವರು. ಪಥ್ಯ ಹೇಳುವುದು ಓದಿ ಕಲಿಯಬೇಕಾದ ವಿದ್ಯೆ ಎಂಬುದನ್ನು ನಾವು ಮರೆಯುತ್ತೇವೆ.

ಸಕ್ಕರೆಯ ಕತೆ ಬೇರೆ

ಈಗ ಉತ್ತರದ ಎರಡನೇ ಅರ್ಧಕ್ಕೆ ಬರುತ್ತೇನೆ. ಬೆರಿಬೆರಿ ಕೊರತೆಯ ಕಾಯಿಲೆ. ಊಟದಲ್ಲಿ ಇಲ್ಲದ್ದನ್ನು ಊಟದಲ್ಲಿ ಕೊಟ್ಟರೆ ವಾಸಿ. ಗಳಗಂಡವೂ ಹೆಚ್ಚಿನ ಮಟ್ಟಿಗೆ ಹಾಗೆಯೇ. ಇಂಥ ಕಡೆ ಅನ್ನವೇ ಮದ್ದು. ಸಕ್ಕರೆ ಕಾಯಿಲೆ ಕೊರತೆಯ ಕಾಯಿಲೆಯಲ್ಲ. ಕುಚ್ಚಲಕ್ಕಿಯಲ್ಲಿರುವ ಯಾವುದೋ ವಸ್ತು ಮೈಗೆ ಸಾಲದೆ ಅದು ಬಂದದ್ದಲ್ಲ. ಅಲ್ಲಿ ಇನ್ಸುಲಿನ್ ಸಾಲದು, ಅಥವಾ ಇದ್ದದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ಇನ್ಸುಲಿನ್ ಅಕ್ಕಿಯಲ್ಲಿಲ್ಲ, ರಾಗಿಯಲ್ಲಿಲ್ಲ, ಮೆಂತೆಯಲ್ಲಿಲ್ಲ.

ಪಥ್ಯದ ಮಹತ್ವ ಹಿಂದಿನವರಿಗೆ ಗೊತ್ತಿತ್ತು. ಚರಕ, ಸುಶ್ರುತರು ಪ್ರಮೇಹಕ್ಕೆ ಯವೆಯನ್ನು, ಅಂದರೆ ಬಾರ್ಲಿಯನ್ನು ಹೇಳಿದರು. ಅಲ್-ರಾಝಿ ಆಹಾರದ ಗುಣ ದೋಷಗಳ ಮೇಲೆಯೇ ಒಂದು ಪುಸ್ತಕ ಬರೆದರು, ಇಬ್ನ್ ಸೀನಾ ತನ್ನ ದೊಡ್ಡ ಗ್ರಂಥದಲ್ಲಿ ಮಧುಮೇಹದ ಲಕ್ಷಣಗಳನ್ನು ವಿವರಿಸಿದರು. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂಬ ಹದೀಸ್ ನಾವು ಮದ್ರಸದಲ್ಲಿ ಕಲಿತದ್ದು. ಇವೆಲ್ಲ ಮಿತವಾಗಿ ತಿನ್ನು ಎಂದು ಹೇಳಿದವು. ಮದ್ದು ಬಿಡು ಎಂದು ಹೇಳಲಿಲ್ಲ. ಅಲ್-ರಾಝಿಯೂ ಇಬ್ನ್ ಸೀನಾನೂ ಸ್ವತಃ ಮದ್ದು ಕೊಡುವ ವೈದ್ಯರು.

ಬರೀ ಪಥ್ಯದಿಂದ ಸಕ್ಕರೆಯನ್ನು ಎದುರಿಸಿದ ಕಾಲವೂ ಇತ್ತು. ಅದರ ಕತೆ ಓದಿದರೆ ಕರುಳು ಹಿಂಡುತ್ತದೆ. 1915ರ ಸುಮಾರಿಗೆ ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯರು ಸಕ್ಕರೆ ಕಾಯಿಲೆಯ ಮಕ್ಕಳನ್ನು ಉಪವಾಸ ಕೆಡವಿ, ಅಳೆದು ತೂಗಿ ಸ್ವಲ್ಪವೇ ಊಟ ಕೊಡುತ್ತಿದ್ದರು. ಅಂದಿನ ಮಟ್ಟಿಗೆ ಅದೇ ಜಗತ್ತಿನ ಅತ್ಯುತ್ತಮ ಚಿಕಿತ್ಸೆ. ಮಕ್ಕಳು ಕೆಲವು ತಿಂಗಳು, ಕೆಲವರು ಒಂದೆರಡು ವರ್ಷ ಹೆಚ್ಚು ಬದುಕಿದರು. ಮೂಳೆ ಚರ್ಮವಾಗಿ ಬದುಕಿದರು. ಕೆಲವರು ಕಾಯಿಲೆಯಿಂದ ಸತ್ತರು, ಕೆಲವರು ಹಸಿವಿನಿಂದ ಸತ್ತರು. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಆತ ಇನ್ನೂ 13 ವರ್ಷ ಬದುಕಿದ. ಇನ್ಸುಲಿನ್ ಬೇಕಾದ ಮಗುವಿಗೆ ಪಥ್ಯ ಸಾಕು ಎನ್ನುವವರು, ಆ ಮಕ್ಕಳನ್ನು ಮತ್ತೆ 1915ಕ್ಕೆ ಕಳುಹಿಸುತ್ತಾರೆ. ನಮ್ಮ ಮನೆಗಳಲ್ಲೂ ಅಂಥ ಮಕ್ಕಳಿದ್ದಾರೆ. ಅವರ ಉಮ್ಮಂದಿರು ಇದನ್ನು ಓದಲಿ.

ಹಾಗಾದರೆ ಊಟದಿಂದ ಸಕ್ಕರೆಗೆ ಉಪಯೋಗವೇ ಇಲ್ಲವೇ? ಖಂಡಿತ ಇದೆ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಲ್ಲಿ ತೂಕ ಇಳಿಸಿ, ನಡೆದು, ಊಟ ತಿದ್ದಿದರೆ ಸಕ್ಕರೆ ಇಳಿಯುತ್ತದೆ. ಕೆಲವರಿಗೆ ಮಾತ್ರೆಯೂ ಕಡಿಮೆಯಾಗುತ್ತದೆ. ಆದರೆ ಕಡಿಮೆ ಮಾಡಬೇಕಾದವರು ರಕ್ತ ಪರೀಕ್ಷೆ ನೋಡಿದ ವೈದ್ಯರು. ಕುಚ್ಚಲಕ್ಕಿ, ಅದರಲ್ಲೂ ತೌಡಿರುವ ಕೆಂಪು ಅಕ್ಕಿ, ಬೆಳ್ತಿಗೆಗಿಂತ ಸ್ವಲ್ಪ ನಿಧಾನವಾಗಿ ಸಕ್ಕರೆ ಏರಿಸುತ್ತದೆ. ಆದರೆ ಅದೂ ಅನ್ನವೇ. ಉಪ್ಪ ಮಾಡಿದ ತಪ್ಪು ಎರಡು. ಮಾತ್ರೆ ಬಿಟ್ಟದ್ದು ಮೊದಲನೆಯದು. ಒಳ್ಳೆಯದಲ್ಲವೇ ಎಂದು ಹೊಟ್ಟೆ ತುಂಬ ಮೂರು ಹೊತ್ತೂ ಗಂಜಿ ಕುಡಿದದ್ದು ಎರಡನೆಯದು. ಅನ್ನ ಮೆತ್ತಗೆ ಬೆಂದಷ್ಟೂ ಬೇಗ ಜೀರ್ಣವಾಗುತ್ತದೆ, ಸಕ್ಕರೆ ಬೇಗ ಏರುತ್ತದೆ. ರಾಗಿ ಮಾಲ್ಟ್ ಕುಡಿಯುವವರಿಗೂ ಇದೇ ಮಾತು.

2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನ ಸೇರಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ದೊಡ್ಡವರಲ್ಲಿ ನೂರಕ್ಕೆ 11.4 ಮಂದಿ. ನೂರಕ್ಕೆ 35.5 ಮಂದಿಗೆ ರಕ್ತದೊತ್ತಡ. ಅಜ್ಜಂದಿರನ್ನು ಕೊಂದದ್ದು ಊಟದ ಕೊರತೆ. ನಮ್ಮನ್ನು ಕಾಡುತ್ತಿರುವುದು ಊಟದ ಅತಿ ಮತ್ತು ದುಡಿಮೆಯ ಕೊರತೆ. ಅಂದಿನ ಪಥ್ಯ ಸೇರಿಸುವ ಪಥ್ಯ, ಇಂದಿನದು ತೆಗೆಯುವ ಪಥ್ಯ. ಸೇರಿಸುವುದು ಸುಲಭ. ಮದುವೆ ಮನೆಯ ಬಿರಿಯಾನಿ ತಟ್ಟೆಯಿಂದ ಒಂದು ಹಿಡಿ ತೆಗೆಯುವುದು ಎಷ್ಟು ಕಷ್ಟ ಎಂದು ನಮಗೆಲ್ಲ ಗೊತ್ತು.

ನೋಂಬಿನ ತಿಂಗಳು

ನೋಂಬಿನ ಮಾತು ಹೇಳದೆ ನಮ್ಮವರಿಗೆ ಪಥ್ಯದ ಬಗ್ಗೆ ಬರೆದರೆ ಅರ್ಧ ಬರೆದಂತೆ. 2001ರಲ್ಲಿ 13 ದೇಶಗಳ 12,243 ಮುಸ್ಲಿಂ ಮಧುಮೇಹಿಗಳನ್ನು ವಿಚಾರಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ದೊಡ್ಡವರಿಗೆ ಬರುವ ಸಕ್ಕರೆ ಇರುವವರಲ್ಲಿ ನೂರಕ್ಕೆ 79 ಮಂದಿ ಕನಿಷ್ಠ 15 ದಿನ ನೋಂಬು ಹಿಡಿದಿದ್ದರು. ಸಕ್ಕರೆ ಅಪಾಯಕ್ಕೆ ಇಳಿದ ಪ್ರಕರಣಗಳು ಆ ತಿಂಗಳಲ್ಲಿ ಹೆಚ್ಚಾಗಿದ್ದವು. ಕಾಯಿಲೆಯವರಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಆದರೂ ಹಿರಿಯರು ಬಿಡುವುದಿಲ್ಲ. ಅವರ ಮನಸ್ಸು ನನಗೆ ಅರ್ಥವಾಗುತ್ತದೆ.

ಹಿಡಿಯುವವರು ತಿಂಗಳೆರಡರ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಅಳತೆ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ನೋಂಬು ಮುರಿಯುವುದಿಲ್ಲ ಎಂಬುದು ಉಲಮಾಗಳ ಸಾಮಾನ್ಯ ಅಭಿಪ್ರಾಯ. 70ಕ್ಕಿಂತ ಕೆಳಗೆ ಇಳಿದರೆ ಅಥವಾ 300 ದಾಟಿದರೆ ನೋಂಬು ಬಿಡಬೇಕು ಎಂದು ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಹ್ರಿಯನ್ನು ತಪ್ಪಿಸಬಾರದು. ಇಫ್ತಾರಿನಲ್ಲಿ ಒಂದು ಖರ್ಜೂರ, ನೀರು ಸಾಕು. ಶರಬತ್ತು, ಸಮೋಸ, ತುಪ್ಪದ ಪತ್ತಿರ್ ಎಲ್ಲ ಒಂದೇ ಸಂಜೆ ಬೇಡ.

ಉಪ್ಪ ಈಗ ಅಂಗಡಿಗೆ ಬರುತ್ತಾರೆ. ವಿಶೇಷ ಚಪ್ಪಲಿ ಹಾಕಿಕೊಂಡು ನಿಧಾನವಾಗಿ ನಡೆಯುತ್ತಾರೆ. ನಾನು ಸಿಂಗಾನಲ್ಲೂರು ಬಿಟ್ಟು ಊರಿಗೆ ಬಂದಿದ್ದೇನೆ. ಮಧ್ಯಾಹ್ನದ ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಮೀನು ಅಥವಾ ಬೇಳೆ, ಉಳಿದ ಕಾಲು ಭಾಗ ಕುಚ್ಚಲಕ್ಕಿ ಅನ್ನ. ಊಟದ ಮೊದಲು ಮಾತ್ರೆ, ರಾತ್ರಿ ಇನ್ಸುಲಿನ್. ಕೂನೂರಿನ ಕತೆ, ಮಲಯದ ಕೂಲಿಗಳ ಕತೆ ಎಲ್ಲ ಹೇಳಿದ ಮೇಲೆ ಅವರಿಗೆ ಒಂದು ಸಮಾಧಾನವಾಯಿತು. ಅಕ್ಕಿ ಕೇಳಲು ಬರುವವರಿಗೆ ಈಗ ಅವರೇ ಹೇಳುತ್ತಾರೆ: "ಕುಚ್ಚಲಕ್ಕಿ ಒಳ್ಳೆಯದೇ, ಕೊಂಡು ಹೋಗಿ. ಆದರೆ ಮಾತ್ರೆ ಬಿಡಬೇಡಿ." ಹೇಳುವಾಗ ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚುತ್ತಾರೆ.

ನಿಮ್ಮ ಮನೆಯಲ್ಲಿ ಭತ್ತ ಬೇಯಿಸಿದ ಅಜ್ಜಿಯಂದಿರು ಇನ್ನೂ ಇದ್ದರೆ ಹತ್ತಿರ ಕುಳಿತು ಕೇಳಿ. ಎಷ್ಟು ಹೊತ್ತು ನೆನೆಸುತ್ತಿದ್ದರು, ಹಂಡೆ ಯಾವುದು, ಬೆಂದದ್ದು ಹೇಗೆ ಗೊತ್ತಾಗುತ್ತಿತ್ತು ಎಂದು ಬರೆದಿಡಿ. ಹಾಗೆಯೇ, ಅವರು ಬೆಳಿಗ್ಗೆ ಮಾತ್ರೆ ತೆಗೆದುಕೊಂಡರೇ ಎಂದೂ ಕೇಳಿ.